ಉದ್ದೇಶ

ಭದ್ರಾವತಿ, ಹಳೇನಗರದ ಲೈಬ್ರರಿ. ಕಂಪ್ಯೂಟರು ನಾಲ್ಕಿದ್ದವು.
ಒಂದು ಸತ್ತಿತು. ಒಂದಕ್ಕೆ ನಾನೇ ಟವಲು ಹೊದೆಸಿದ್ದೇನೆ.
ಉಳಿದೆರಡರಲ್ಲಿ ತಲೆಗೆ ಅರ್ಧ ಗಂಟೆ.
ದಾರ ಕಟ್ಟಿದ ಪೆನ್ನು, ಉದ್ದನೆ ರಿಜಿಸ್ಟರು:
ಹೆಸರು, ಬಂದ ಹೊತ್ತು, ಹೋದ ಹೊತ್ತು, ಉದ್ದೇಶ.
ಮೊದಲು ಬಂದವರು ‘ಉದ್ಯೋಗ’ ಅಂತ ಬರೆದರೆ
ಮಿಕ್ಕವರು ಅದರ ಕೆಳಗೆ
ಎರಡು ಗೀಟೆಳೆದು ಕೂರುತ್ತಾರೆ.
ಸಂಜೆಗೆ ಆ ಕಾಲಂ ತುಂಬ ಇರುವೆ ಸಾಲು.

ನಾಗೋಜಿರಾಯರು ಮಾತ್ರ ಗೀಟೆಳೆಯುವುದಿಲ್ಲ.
ಪೂರಾ ಬರೆಯುತ್ತಾರೆ, ‘ಕೆಲಸ ಹುಡುಕಲು.’
ಬರೆಯುವ ಮುಂಚೆ ಹಾಳೆಯ ಮೂಲೆಯನ್ನು
ಎರಡು ಬೆರಳ ನಡುವೆ ಉಜ್ಜಿ
‘ನಮ್ಮದಲ್ಲ ಮೇಡಂ, ಹೊರಗಿಂದು’ ಅಂತಾರೆ.
ಕಾಗದದ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ.
ಐವತ್ತೊಂದಕ್ಕೆ ಈಗ ಮೌಸು ಹಿಡಿದಿದ್ದಾರೆ
ಮೊಲದ ಮರಿ ಹಿಡಿದಂತೆ:
ಒತ್ತಿದರೆ ನೋವು, ಬಿಟ್ಟರೆ ಓಟ.

ಪಕ್ಕದ ಸುರೈಯಾ, ಡಿಪ್ಲೊಮಾ ಮುಗಿಸಿದವಳು,
ತನ್ನ ಅರ್ಧ ಗಂಟೆಯಲ್ಲೇ ಹತ್ತು ನಿಮಿಷ ಹರಿದು ಕೊಟ್ಟಳು.
‘ಅಂಕಲ್, ಅನುಭವ ಯಾವುದರಲ್ಲಿ, ಆರಿಸಿ.’
ಪಟ್ಟಿ ಇಳಿಯಿತು. ಮಾರಾಟ, ಡೆಲಿವರಿ,
ಸೆಕ್ಯೂರಿಟಿ, ಡೇಟಾ ಎಂಟ್ರಿ...
ರಾಯರು ತಳದವರೆಗೆ ಇಳಿದರು, ಮತ್ತೆ ಹತ್ತಿದರು.
ಬಿದಿರಿನ ತಿರುಳು ಜಾಲರಿಯ ಮೇಲೆ ಹಾಳೆಯಾಗುವಾಗ
ಎಲ್ಲಿ ಹರಿಯುತ್ತದೆಂದು
ಸದ್ದಿನಲ್ಲೇ ಹಿಡಿಯುತ್ತಿದ್ದ ಕಿವಿ ಅದು.
‘ಇತರೆ ಒತ್ತಿ’ ಅಂದಳು.
ಒತ್ತಿದರು.

ಓಟಿಪಿ ಹೋಗುವುದು ಹೆಂಡತಿಯ ಫೋನಿಗೆ,
ಆಕೆ ಹಾಸ್ಟೆಲಿನ ಅಡುಗೆಮನೆಯಲ್ಲಿ.
ಒಗ್ಗರಣೆ ಸದ್ದಿನಲ್ಲಿ ಏಳೋ ಎಂಟೋ?
ಮೆಟ್ಟಿಲ ಮೇಲೆ ನಿಂತು ಕೇಳಿ
ಒಳಗೋಡಿ ಬರುವಷ್ಟರಲ್ಲಿ ಅವಧಿ ಮುಗಿದಿತ್ತು.
ಎರಡು ಸಲ. ಮೂರನೇ ಸಲ.
ಹೊತ್ತು ಮೀರಿದವರನ್ನು ಎಬ್ಬಿಸುವುದು ನನ್ನ ಕೆಲಸ;
ಆ ಕೆಲಸವೂ ಹನ್ನೊಂದು ತಿಂಗಳ ಆರ್ಡರಿನದು.
ಗೋಡೆ ಗಡಿಯಾರಕ್ಕೆ ಬೆನ್ನು ಹಾಕಿ
ಹಳೇ ಪೇಪರಿನ ಕಟ್ಟು ಬಿಚ್ಚಿದೆ, ಮತ್ತೆ ಕಟ್ಟಿದೆ.

ಕೊನೆಗೆ ಅರ್ಜಿ ಹೋಯಿತು. ಪ್ರಿಂಟು ಎರಡು ರೂಪಾಯಿ.
ಯಥಾಪ್ರಕಾರ ಪ್ರಿಂಟರು ಹಾಳೆ ನುಂಗಿತು.
ರಾಯರು ಎದ್ದು ಬಂದರು,
ಮೌಸು ಹಿಡಿದಾಗಿನ ಕೈಯಲ್ಲ ಈಗ ಅದು,
ಕಟ್ಟನ್ನು ಹೊರಗೆಳೆದು, ಟ್ಯೂಬ್‌ಲೈಟಿಗೆ ಒಂದು ಹಾಳೆ ಹಿಡಿದು
‘ತೇವ ಎಳೆದಿದೆ. ಹೊಟ್ಟೆ ಮೇಲೆ ಮಾಡಿಟ್ಟಿದ್ದೀರಿ.
ಮಗುಚಿ ಹಾಕಿ’ ಅಂದರು. ತಾವೇ ಹಾಕಿದರು.

ಆಮೇಲೆ ಅದು ಒಂದು ಹಾಳೆಯನ್ನೂ ನುಂಗಿಲ್ಲ.
ಅರ್ಜಿಗೆ ಉತ್ತರವೂ ಬಂದಿಲ್ಲ.

ಸೋಮವಾರ ರಜೆ, ಅವರಿಗೆ ಗೊತ್ತು.
ಬಂದಿದ್ದರಂತೆ ಆದರೂ.
ಗೇಟಿಗೆ ಅಂಟಿಸಿದ ‘ಇಂದು ರಜೆ’ ಚೀಟಿಯ ಮೂಲೆಯನ್ನು
ಬೆರಳಲ್ಲಿ ಉಜ್ಜಿ ನೋಡಿ
ಹೋದರಂತೆ.