ಜೋಡಿ ೪೧೭

ಸದರ್ಲೆಂಡಿನ ಗುಡ್ಡ. ಜುಲೈ ಚಳಿ.
ಗುಮ್ಮಟದಾಚೆ ಕುರಿಯೊಂದು ಕೆಮ್ಮಿತು, ಥೇಟು ಮನುಷ್ಯರ ಹಾಗೆ.
ಒಳಗೆ ಡೀನಾ ಕ್ಲೂಟೆ, ಸ್ವೆಟರಿನ ಮೇಲೊಂದು ಸ್ವೆಟರು,
ಎರಡು ನಕ್ಷತ್ರಗಳ ಬೆಳಕನ್ನು
ಗೆರೆಗೆರೆಯಾಗಿ ಬಿಡಿಸುತ್ತಿದ್ದಾಳೆ.

ಅವು ಜೋಡಿಯಂತೆ.
ಇದರ ಬೆಳಕು ಅದನ್ನು ಮುಟ್ಟಲು ಎರಡು ತಿಂಗಳು,
ಒಂದು ಸುತ್ತಿಗೆ ಏಳು ಲಕ್ಷ ವರ್ಷ.
ಅಷ್ಟು ಸಡಿಲ ಹಗ್ಗಕ್ಕೂ
ಸೇಬು ಬಿದ್ದ ಹಳೆಯ ಲೆಕ್ಕವೇ ಸಾಕೆ?
ಎಳೆತ ಸೊರಗಿದಲ್ಲಿ ಜಗತ್ತು
ಬೇರೆ ಮಗ್ಗಿ ಒಪ್ಪಿಸುತ್ತದೆಯೆ?
ಎಲ್ಲ ನಿಂತಿರುವುದು
ಸೆಕೆಂಡಿಗೆ ಎಂಬತ್ತು ಮೀಟರಿನ ಮೇಲೆ,
ಒಂದು ಚುರುಕು ರೈಲಿನಷ್ಟು.

ಅವಳಪ್ಪ ಕರೂ ಬಯಲಲ್ಲಿ ಗಾಳಿಯಂತ್ರ ರಿಪೇರಿಯವನು.
ಅಲುಗುವ ಸರಳನ್ನು ಹಿಡಿದು
ಆಳದಲ್ಲಿ ನೀರಿದೆಯೋ ಇಲ್ಲವೋ ಅಂಗೈಯಿಂದಲೇ ಹೇಳುತ್ತಿದ್ದ.
ಎಷ್ಟೋ ಸಲ ತಪ್ಪುತ್ತಿದ್ದ.

ಮೂರೂಕಾಲಿಗೆ ಅಂಕಿ ಬಂತು: ಹೆಚ್ಚು!
ಹಳೆಯ ನಿಯಮ ಕೊಡುವುದಕ್ಕಿಂತ ಹೆಚ್ಚಿನ ಓಟ.
ಕೇಪ್‌ಟೌನಿನಲ್ಲಿ ಮಲಗಿದವರನ್ನು ಎಬ್ಬಿಸಲು
ಫೋನಿನವರೆಗೆ ಹೋದ ಕೈ
ಅಲ್ಲೇ ನಿಂತಿತು.
ಮೇ ತಿಂಗಳ ಗೆರೆಯ ಮೇಲೆ ಇಂದಿನ ಗೆರೆ ಕೂರುತ್ತಿಲ್ಲ.
ಎರಡನೆಯದು ತೂಗಾಡುತ್ತಿದೆ:
ಅದರ ಮಗ್ಗುಲಲ್ಲಿ ಮತ್ತೊಂದು,
ಕೆಂಪು, ಮಂಕು, ಯಾವ ಪಟ್ಟಿಗೂ ಸಿಗದ್ದು,
ಗುಟ್ಟಾಗಿ ಸೆರಗು ಜಗ್ಗುತ್ತಿದೆ.

ನಿಯಮ ಮುರಿಯಲಿಲ್ಲ.
ಉಳಿಯಿತೆಂದೂ ಹೇಳುವಂತಿಲ್ಲ.
ದಾಖಲೆಯಲ್ಲಿ ಬರೆದಳು:
ಜೋಡಿ ೪೧೭, ಕೈಬಿಡಲಾಗಿದೆ.
ಕಾರಣ: ಇಬ್ಬರಲ್ಲ.

ಟೀ ತಣ್ಣಗಾಗಿದೆ. ಇನ್ನೂ ಆರುನೂರು ಜೋಡಿ.
ದೊಡ್ಡ ಕನ್ನಡಿ ೪೧೮ರತ್ತ ಹೊರಳುವಾಗ
ಅವಳಂಗೈ ತಾನಾಗಿ
ಮೇಜಿನ ಅಂಚು ಹಿಡಿದಿತ್ತು,
ಕೆಳಗಿನಿಂದ ಏನೋ ಬರಲಿದೆಯೆಂಬಂತೆ.