ಡೆಮೊ

ಯಂತ್ರ ಲಾರಿಯಿಂದ ಇಳಿಯುವ ಮೊದಲು
ಘಾಳೆಪ್ಪ ಸಾಹೇಬರು ಬೂಟು ಬಿಚ್ಚುತ್ತಾರೆ.
ಸಾಕ್ಸು ಮಡಚಿ ಒಳಗಿಟ್ಟು, ಬೂಟು ನನ್ನ ಕೈಗಿಟ್ಟು
ನೆಲದ ಉದ್ದಕ್ಕೊಂದು ಸಲ, ಅಗಲಕ್ಕೊಂದು ಸಲ
ಬರಿಗಾಲಲ್ಲಿ ನಡೆದು ಬರುತ್ತಾರೆ.
ಭೂಮಿತಾಯಿಗೆ ಎಷ್ಟು ಮರ್ಯಾದಿ! ಅಂತಾರೆ ಗಿರಾಕಿಗಳು.
ಒಬ್ಬರಂತೂ ಊದಿನಕಡ್ಡಿ ಹಚ್ಚಿಕೊಂಡೇ ಬಂದರು.
ಸಾಹೇಬರು ಬ್ಯಾಡ ಅನ್ನಲಿಲ್ಲ.
ಇಪ್ಪತ್ತು ಟನ್ನಿನ ಮಾಲು ಮಾರುವವ
ತಾನಾಗೇ ಬಂದ ಪುಣ್ಯವನ್ನು ಬಿಲ್ಲಿನಿಂದ ಕಳೆಯುವುದಿಲ್ಲ.

ನೌಬಾದಿನ ನಮ್ಮ ಶೋರೂಮಿನಲ್ಲಿ ಅವರ ಕಾರ್ಡು ಬೇರೆ.
‘ಮಾಜಿ ಸೈನಿಕ, ಕಾರ್ಗಿಲ್’ ಅಂತ
ಮೊಬೈಲ್ ನಂಬರಿಗಿಂತ ದಪ್ಪಕ್ಷರದಲ್ಲಿ
ಮಾಲೀಕರೇ ಹಾಕಿಸಿದ್ದು.
ಓದಿದವರು ಕುರ್ಚಿ ಮುಂದಕ್ಕೆಳೆದು ಕೇಳುತ್ತಾರೆ,
‘ಎಷ್ಟು ಮಂದಿನ್ನ ಹೊಡದ್ರಿ ಸಾಹೇಬ್ರ?’
‘ಆರೂವರೆ ಮೀಟರ್ ಆಳ ತೋಡ್ತದ್ರಿ ಇದು.’

ನನಗೆ ಒಮ್ಮೆ, ಹಳ್ಳಿಖೇಡದ ಧಾಬಾದಲ್ಲಿ,
ದಾಲಿಗೆ ಇನ್ನೂ ತಡ ಇದ್ದಾಗ:
‘ನಾವು ಹೊಡಿಯೋರಲ್ಲೋ. ಹುಗಿದದ್ದು ತೆಗಿಯೋರು.
ಹೊಟ್ಟಿ ಮ್ಯಾಲ ಮಲಗಬೇಕು. ಕೈಯಾಗೊಂದು ಕಡ್ಡಿ,
ಓರೆ ಹಿಡೀಬೇಕು, ನೆಟ್ಟಗ ಚುಚ್ಚಬಾರದು.
ಎರಡು ಬೆರಳು ಮುಂದ. ಮತ್ತ ಎರಡು ಬೆರಳು.
ಮಧ್ಯಾನದ ತನಕ ಒಂದು ಚಾಪಿಯಷ್ಟು ನೆಲ.’
ಆಮೇಲೆ ರೊಟ್ಟಿ ಬಂತು.
ಈಗ ಅದೇ ಕೈ
ಒಂದೇ ಬಾಚಿಗೆ ಒಂದು ಘನ ಮೀಟರ್ ಎತ್ತುವ ಬಕೆಟ್ಟಿನ
ಬಾಯಿ ಸವರುತ್ತ ಕಂತು ಲೆಕ್ಕ ಹೇಳುತ್ತದೆ.

ಜನವಾಡದ ಕಡೆ ಧೂಳಪ್ಪ ಗುತ್ತೇದಾರರ ಲೇಔಟು.
ಖದೀರ್ ಸೀಟಿನಲ್ಲಿ, ಕೆಂಪು ಮುರುಮಿನೊಳಗೆ ಮೂರನೇ ಬಾಚು.
ಠಣ್.

ಊರಿಗೆ ಕೇಳಿಸಿದ್ದು ಬಂಗಾರ.
‘ಹಂಡೆ! ಸುಲ್ತಾನರ ಕಾಲದ್ದು!’
ಗುತ್ತೇದಾರರು ಪಂಚೆ ಎತ್ತಿ ಓಡಿದರು, ಹುಡುಗರು ಓಡಿದವು,
ತಲೆಮೇಲಿನ ಮೇವು ಅಲ್ಲೇ ಒಗೆದು ಒಬ್ಬಾಕೆ ಓಡಿದಳು.
‘ಹಿಂದಕ್ಕ!
ಬಂದ ಹೆಜ್ಜಿ ಮ್ಯಾಲೇ ಹಿಂದಕ್ಕ ಸರೀರಿ! ಒಂದೂ ಹೊಸ ಹೆಜ್ಜಿ ಇಡಬ್ಯಾಡ್ರಿ!’
ಬಡ್ಡಿ ದರ ಹೇಳುವ ಬಾಯಿಯಿಂದ
ಆ ದನಿ ನಾನು ಕೇಳಿರಲಿಲ್ಲ.
ಖದೀರ್ ಎಂಜಿನ್ ಬಂದ್ ಮಾಡಿದ.
ಸಾಹೇಬರು ಟೈ ಅಂಗಿಯೊಳಗೆ ತುರುಕಿ
ಗುಂಡಿಯಲ್ಲಿ ಬೋರಲು ಬಿದ್ದರು.
ಉದ್ದನೆಯ ಸ್ಕ್ರೂಡ್ರೈವರ್. ಓರೆ.
ಎರಡು ಬೆರಳು, ಮತ್ತೆ ಎರಡು.
ಕೂಸಿನ ಕಣ್ಣಿಗೆ ಬಿದ್ದ ಧೂಳು ಊದಿದಂತೆ
ಮಣ್ಣು ಊದುತ್ತಿದ್ದರು.
‘ಮಿಲ್ಟ್ರಿ ಮನಷ್ಯಾ ಒಬ್ಬನೇ ಹೊಡ್ಕೋತಾನ ನೋಡು’
ನನ್ನ ಬೆನ್ನ ಹಿಂದೆ ಯಾರೋ ಅಂದರು.

ತುಕ್ಕು ಹಿಡಿದ ಕಬ್ಬಿಣ, ಗುಂಡಗೆ, ದೊಡ್ಡದು.
ಮೇವಿನಾಕೆ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿ
‘ಅಯ್ಯ, ಇದು ನಮ್ಮ ಮಾವನ ಗೋಬರ್ ಗ್ಯಾಸಿನ ಡ್ರಮ್ಮು!’
ನಗು ಎದ್ದಿತು. ಮಂದಿ ಚದುರಿದರು.
ಗುತ್ತೇದಾರರು ಪಂಚೆ ಇಳಿಬಿಟ್ಟು,
‘ಏಳ್ರಿ ಸಾಹೇಬ್ರ, ಬಂಗಾರಿಲ್ಲ, ಏನಿಲ್ಲ.’

ಅವರು ಏಳಲಿಲ್ಲ.
ಡ್ರಮ್ಮಿನ ಸುತ್ತ, ಅಂಚಿನ ಕೆಳಗೆ,
ಬೆರಳು ತೂರಿಸಿ ತೂರಿಸಿ ನೋಡುತ್ತಿದ್ದರು.
ನಾನು ಬಗ್ಗಿದಾಗ ಅಂದದ್ದು ನನಗಲ್ಲ, ಮಣ್ಣಿಗೆ:
‘ಒಂದರ ಕೆಳಗ ಇನ್ನೊಂದು ಇಟ್ಟಿರ್ತಾರ.
ಪೊನ್ನುಸ್ವಾಮಿಗೆ ಗೊತ್ತಿರಲಿಲ್ಲ.’
ಪೊನ್ನುಸ್ವಾಮಿ ಯಾರು ಎಂದು ನಾನು ಕೇಳಲಿಲ್ಲ,
ಈ ತನಕ.

ಕೊನೆಗೆ ಎದ್ದು, ಮೊಣಕಾಲು ಜಾಡಿಸಿ, ಟೈ ಹೊರಗೆ ತೆಗೆದು
‘ನೋಡ್ರಿ ಗುತ್ತೇದಾರ್ರ, ಕಬ್ಬಿಣಕ್ಕ ಬಡಿದ್ರೂ
ಬಕೆಟ್ಟಿನ ಹಲ್ಲು ಒಂದೂ ಮುಕ್ಕಾಗಿಲ್ಲ.’
ಅಲ್ಲೇ ಎರಡು ಲಕ್ಷ ಮುಂಗಡ.
ಗ್ರೀಸ್ ಗನ್ನು ಪುಕ್ಕಟೆ ಬೇಕೆಂದರು, ಒಪ್ಪಿದರು.

ಬೂಟು ಇನ್ನೂ ನನ್ನ ಕೈಯಲ್ಲೇ ಇದ್ದವು.
ಕೊಡಲು ಗುಂಡಿಯ ತನಕ ಹೋಗಬೇಕಿತ್ತು.
ನಾನು ಹಿಂದೆ ಸರಿದ ಹೆಜ್ಜೆ ಎಲ್ಲಿ ಎಂದು
ನೆಲ ನೋಡಿದೆ.
ಅಷ್ಟೊತ್ತಿಗೆ ಊರೆಲ್ಲ ತುಳಿದು
ಯಾವುದು ಯಾರದೋ.