ನಾಕನೇ ಫ್ಯಾನು

ನಮ್ಮ ವಾರ್ಡಿನ ನಾಕನೇ ಫ್ಯಾನಿನ ರೆಕ್ಕಿ ಮ್ಯಾಲೆ
ಕೆಂಪು ಬಣ್ಣದಾಗ ಬರದಾರ:
ದಿವಂಗತ ಪಂಪಣ್ಣ ಇವರ ಸ್ಮರಣಾರ್ಥ,
ಮಕ್ಕಳು, ಎಣ್ಣಿ ಮಿಲ್ಲು, ಗಂಜ್ ರಸ್ತೆ, ರಾಯಚೂರು.
ತಿರುಗೋವಾಗ ಯಾರಿಗೂ ಕಾಣಂಗಿಲ್ಲ.
ಗಾಳಿಗಂತೂ ಗೊತ್ತೇ ಇಲ್ಲ ತಾನು ಯಾರದಂತ.

ಸ್ಪಾನ್ಸರ್ ಅಂದ್ರ ಏನಬೇ ಅಂತ ಅವ್ವ ಕೇಳಿದಾಗ
ಬೆರಳು ಮಾಡಿ ಅದನ್ನ ತೋರಿಸಿದೆ.
‘ಹಂಗಾರ ನಿನ್ನ ಮ್ಯಾಲೂ ಬರೀತಾರೇನು?’
ಅಂದಳು, ರೊಟ್ಟಿ ಗಂಟು ಬಿಚ್ಚುತ್ತ.
ನಗಿ ಬಂತು. ಡ್ಯೂಟಿ ಮುಗಿಯೋತನಕ
ಆ ಮಾತು ಹೋಗಲಿಲ್ಲ.

ಹುಲಿಗೆಮ್ಮ ನನ್ನ ಹೆಸರು. ಮಸ್ಕಿ ಹತ್ರದ ಊರು.
ಆರು ವರ್ಷದ ಗುತ್ತಿಗಿ ನರ್ಸು,
ಪ್ರತಿ ಮಾರ್ಚಿಗೆ ಸತ್ತು ಏಪ್ರಿಲ್ಲಿಗೆ ಹುಟ್ಟೋ ನೌಕರಿ.
ಪಾಸ್‌ಪೋರ್ಟಿನಾಗ ಅಡ್ಡಹೆಸರಿನ ಖಾನಿ ಖಾಲಿ ಇತ್ತು.
ಖಾಲಿ ಬಿಟ್ರ ಅಲ್ಲಿ ಕಂಪ್ಯೂಟರ್ ತಗೊಳ್ಳಂಗಿಲ್ಲಮ್ಮ
ಅಂದ ಹೈದರಾಬಾದಿನ ಏಜೆಂಟು.
ಇದ್ದ ಒಂದು ಹೆಸರನ್ನೇ ಎರಡು ತುಂಡು ಮಾಡಿದ್ವಿ:
ಮುಂದಿಂದು ಹುಲಿ, ಹಿಂದಿಂದು ಗೆಮ್ಮ.
ಈಗ ಫೋನಿನಾಗ ಆ ದೇಶದ ಮೇಟ್ರನ್ನು
ಮಿಸ್ ಗೆಮ್ಮಾ, ಮಿಸ್ ಗೆಮ್ಮಾ ಅಂತ ಕರೀತಾಳ.
ದೇವಿನ್ನ ಸೀಳಿದ ಪಾಪ ಯಾರಿಗೆ ಹತ್ತತದೋ.

ಅವನಿಗಿಂತ ಮೊದಲಿನ ಏಜೆಂಟು ಐದು ಲಕ್ಷ ಕೇಳಿದ್ದ.
ಖರೇ ಸ್ಪಾನ್ಸರು ರೊಕ್ಕ ಕೇಳಂಗಿಲ್ಲ ಅಂತ
ತಡಾ ಮಾಡಿ ಗೊತ್ತಾತು.
ಅವನ ಆಫೀಸಿಗೆ ಈಗ ಬೀಗ.
ನಮ್ಮ ಬ್ಯಾಚಿನ ಗಿರಿಜಮ್ಮನ ಕಿವಿ ಖಾಲಿ.

ಪರೀಕ್ಷೆದಾಗ ನೋವನ್ನ
ಒಂದರಿಂದ ಹತ್ತರೊಳಗ ಕೇಳಬೇಕು.
ಇಲ್ಲಿ ಹಂಗ ಕೇಳಿದ್ರ
‘ಹತ್ತಂದ್ರ ಎಷ್ಟು ರೊಕ್ಕ ಆಗತದ ಯವ್ವಾ?’ ಅಂತಾಳ
ದೇವದುರ್ಗದ ಮುದುಕಿ.
ಅಕಿ ಹತ್ರ ಎಣಿಕಿ ಇಲ್ಲ, ಮಾತದಾವ:
ಚಳಕು ಬರತದ, ಹಿಂಡತದ, ಸೆಳೀತದ,
ಒಳಗ ಯಾರೋ ಕೂತು
ಹಸಿ ಮೆಣಸಿನಕಾಯಿ ಕುಟ್ಟಿದಂಗ ಆಗತದ.
ಇವಕ್ಕೆಲ್ಲ ಇಂಗ್ಲಿಷು ಹುಡುಕಿದೆ, ಒಂದು ರಾತ್ರಿಪಾಳಿ ಪೂರಾ.
ಎರಡು ಸಿಕ್ಕವು.

ಐದನೇ ಬೆಡ್ಡಿನ ರಜಿಯಾಬೀ ನನಗ ಪೇಷಂಟಾದಳು,
ಸುಳ್ಳ ಪೇಷಂಟು, ಖರೇ ಪೇಷಂಟು, ಎರಡೂ.
ನಿಮ್ಮ ಚಿಂತಿ ನನಗ ತಿಳೀತದ, ಅಂತ ಇಂಗ್ಲಿಷಿನಾಗ ಅಂದೆ,
ಪುಸ್ತಕದಾಗ ಹೇಳಿದಂಗ ಸ್ವಲ್ಪ ಬಾಗಿ, ಕಣ್ಣಾಗ ಕಣ್ಣಿಟ್ಟು.
ಅಕಿ ಉರ್ದುದಾಗ ಏನೋ ಅಂದು ಕೈ ಹಿಡಕೊಂಡಳು.
ಮುಂಜಾನಿ ಬಿಪಿ ಇಳಿದಿತ್ತು.

ಪತ್ರ ಬಂತು ಮಂಗಳವಾರ.
ಅದರಾಗ ನನ್ನ ಹೆಸರು ಎರಡು ಸಲ,
ಅವರ ಹೆಸರು ಹನ್ನೊಂದು ಸಲ.
ವಾರಕ್ಕ ಮೂವತ್ತೇಳೂವರಿ ತಾಸು,
ಅರ್ಧ ತಾಸು ಸೈತ ಲೆಕ್ಕಕ್ಕ ಹಿಡಿಯೋ ಮಂದಿ!
ಕೆಳಗ ಸಣ್ಣಕ್ಷರ:
ನೌಕರಿ ಹೋದ್ರ ಅರವತ್ತು ದಿನ ವ್ಯಾಳ್ಯಾ,
ಅಷ್ಟರಾಗ ಇನ್ನೊಬ್ಬರ ಹೆಸರು ಹುಡುಕ್ಕೋಬೇಕು,
ಇಲ್ಲಾಂದ್ರ ದೇಶ ಬಿಡಬೇಕು.
ಮೂರು ವರ್ಷದೊಳಗ ನಾನೇ ಬಿಟ್ಟರ
ತಿಕೀಟಿನ ರೊಕ್ಕ, ಪರೀಕ್ಷೆ ರೊಕ್ಕ, ಎಲ್ಲಾ ತಿರುಗಿ ಕೊಡಬೇಕು.
ಶುಕ್ರವಾರದೊಳಗ ಸಹಿ ಬೇಕಂತ.

ಗುರುವಾರ ರಾತ್ರಿ ಮೂರಕ್ಕ ಕರೆಂಟು ಹೋತು.
ಮಾಡಿ ಮ್ಯಾಲಿನ ಕಿಡಿಕ್ಯಾಗ
ಶಕ್ತಿನಗರದ ಚಿಮಣಿ ದೀಪ ದೂರ ಮಿಣುಕತಿತ್ತು.
ಊರೂರಿಗೆ ಬೆಳಕು ಕಳಿಸೋ ಕೆಲಸದಾಗ
ಅದಕ್ಕ ನಾವು ನೆನಪಾಗಂಗಿಲ್ಲ.
ಜನರೇಟರಿಗೆ ಡೀಸೆಲ್ ಇಲ್ಲಂತ ವಾಚ್‌ಮನ್ ಕೂಗಿದ.
ಮೊಬೈಲಿನ ಬ್ಯಾಟರಿ ಮ್ಯಾಲಕ್ಕ ಹಿಡಿದೆ.
ನಾಕನೇ ಫ್ಯಾನು ಸಣ್ಣಗಾತು, ಇನ್ನಾ ಸಣ್ಣಗಾತು,
ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಬಂದು
ಪಂಪಣ್ಣ ಅಂತ ನಿಂತವು,
ಮ್ಯಾಲೆ ಧೂಳು, ಎಣ್ಣಿ ಮಿಲ್ಲಿನ ವಿಳಾಸ.

ನಿಂತ ಮ್ಯಾಲೇ ಕಾಣೋದು ಯಾರ ಹೆಸರಂತ.

ರಜಿಯಾಬೀ ಬೆವತು ಹೊರಳಾಡತಿದ್ದಳು.
ಕೈಯಾಗ ಇದ್ದದ್ದು ಆ ಪತ್ರದ ನಾಕು ಹಾಳಿ.
ಮಡಚಿ, ಬೀಸಾಕ ಹತ್ತಿದೆ.
ಸಾಕಾತೇನು ಗಾಳಿ, ಅಂತ ಕನ್ನಡದಾಗೇ ಕೇಳಿದೆ.

‘ಜರಾ ಜೋರ ಬೀಸ ಬೇಟಿ’ ಅಂದಳು.